ಕ್ಯಾಮೆರಾದ ಹಣೆ

ಆಯುಧಪೂಜೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಮನೆಯ ಸಕಲ ಕಬ್ಬಿಣಕ್ಕೂ ಹಣೆ ಇದೆಯೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಸ್ಕೂಟರಿಗೆ ವಿಭೂತಿ, ಮಿಕ್ಸಿಗೆ ವಿಭೂತಿ, ಗ್ಯಾಸ್ ಲೈಟರಿಗೂ ವಿಭೂತಿ. ನನ್ನ ಮೇಜಿನ ಮೇಲೆ ಮೇಲೊಂದು ಕೆಳಗೊಂದು ಲೆನ್ಸಿರುವ ಎರಡು ಕಣ್ಣಿನ ಹಳೆಯ ಕ್ಯಾಮೆರಾ ಇತ್ತು. ಅದರ ಹಣೆ ಎಲ್ಲಿ ಎಂದು ಅವರಿಗೆ ಹೊಳೆದಿರಲಿಲ್ಲ. ಕೆಳಗಿನ ಲೆನ್ಸಿನ ಗಾಜಿಗೇ ಕೈ ಹಾಕಿದ್ದರು. ಮೂರು ಬೆರಳು ಹಿಡಿಯದಷ್ಟು ಚಿಕ್ಕ ಗಾಜು. ಬೆಂಕಿಕಡ್ಡಿಯನ್ನು ಒದ್ದೆ ವಿಭೂತಿಯಲ್ಲಿ ಅದ್ದಿ, ತಾಳ್ಮೆಯಿಂದ ಒಂದೊಂದೇ ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ನೆತ್ತಿಗೆ ಸೇವಂತಿಗೆ ಸಿಕ್ಕಿಸಿದ್ದರು. ಅಷ್ಟು ತಾಳ್ಮೆಯನ್ನು ನನ್ನನ್ನು ಬೆಳೆಸುವಾಗ ತೋರಿಸಿದ್ದರೆ ನಾನು ಇನ್ನೇನೋ ಆಗಿರುತ್ತಿದ್ದೆ.

ಆಗಿರುವುದೇನೆಂದರೆ, ಹಾಸನದಲ್ಲಿ ಮೊಬೈಲ್ ರಿಪೇರಿಯವನು. ಅರಕಲಗೂಡು, ಚನ್ನರಾಯಪಟ್ಟಣದ ಗುಜರಿ ಅಂಗಡಿಗಳನ್ನೆಲ್ಲ ಕೆದಕಿ, ಫೋಟೋ ತೆಗೆಯಲಾರದ ಕ್ಯಾಮೆರಾಗಳನ್ನು ತಂದು ಕಪಾಟು ತುಂಬಿಸುವವನು. ಇಂಥವನನ್ನು ನಮ್ಮ ಬೀದಿಯಲ್ಲಿ ಏನೆಂದು ಕರೆಯುತ್ತಾರೆ ಎಂದು ನನಗೆ ಗೊತ್ತು. ಕರೆಯುವವರ ದನಿಯಲ್ಲೇ ಕರೆದು ತೋರಿಸಬಲ್ಲೆ.

ಆದರೆ ಈ ಕ್ಯಾಮೆರಾ ನನ್ನದಲ್ಲ. ಹೊಳೆನರಸೀಪುರದಲ್ಲಿ ಬಹಳ ಕಾಲ ಸ್ಟುಡಿಯೋ ನಡೆಸಿ ಬಾಗಿಲು ಹಾಕಿದ ಹಿರಿಯರೊಬ್ಬರದು. ಕಣ್ಣಿನ ಆಪರೇಶನ್ ಆಗಿ ಮತ್ತೆ ಲೋಕ ಕಾಣತೊಡಗಿದಾಗ ಅವರು ನನ್ನನ್ನು ಕರೆಸಿ, "ಇನ್ನೊಂದೇ ಒಂದು ರೋಲು ನನ್ ಕೈಯಾರೆ ಒಡೀಬೇಕು ಕಣಪ್ಪ. ಅನ್ನೆರಡು ಫೋಟೋ. ಸರಿಮಾಡ್ಕೊಡು, ಆಮೇಲೆ ನೀನೇ ಮಡಿಕೊ" ಎಂದಿದ್ದರು.

ಮೂರು ವಾರ ಕೂತೆ. ಒಣಗಿದ ಎಣ್ಣೆಯಲ್ಲಿ ಕಚ್ಚಿಕೊಂಡಿದ್ದ ಶಟರಿನ ಎಲೆಗಳನ್ನು ಬಿಡಿಸಿದೆ. ಲೆನ್ಸಿನೊಳಗೆ ಜೇಡರ ಬಲೆಯಂತೆ ಹಬ್ಬಿದ್ದ ಬೂಷ್ಟು ತೆಗೆದೆ. ಎರಡು ಕಣ್ಣಿಗೂ ಸೇರಿ ಒಂದೇ ಮುಚ್ಚಳ. ಅದರ ಮೇಲೆ ಕೆಂಪು ತುಕ್ಕು ದಪ್ಪಗೆ ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಬ್ರಷ್ಷಿನಲ್ಲಿ ತಿಕ್ಕಿ, ಹೊಳೆಯುವಂತೆ ಮಾಡಿ ಕಿಟಕಿಯ ಬಿಸಿಲಿಗೆ ಒಣಹಾಕಿದ್ದೆ. ಹಬ್ಬದ ದಿನ ಕ್ಯಾಮೆರಾ ಮುಚ್ಚಳವಿಲ್ಲದೆ ಕಣ್ಣು ಬಿಟ್ಟುಕೊಂಡು ಕೂತಿದ್ದುದು ಹಾಗೆ.

"ಏನಪ್ಪಾ ಮಾಡಿದ್ದೀಯ ಇದು?"

"ಕಾಣಾಕಿಲ್ವಾ? ಪೂಜೆ."

"ಗಾಜಿನ ಮೇಲಾ?"

"ಸ್ಕೂಟರ್ ಲೈಟಿಗೂ ಇಕ್ಕಿವ್ನಿ. ಅದೇನೂ ಗೊಣಗ್ನಿಲ್ಲ."

ಇಂಥ ಹೊತ್ತಲ್ಲಿ ನಾನು ಸಾಮಾನ್ಯವಾಗಿ ಅಪ್ಪನ ದನಿಯಲ್ಲೇ ಅಪ್ಪನಿಗೆ ಉತ್ತರ ಕೊಟ್ಟು, ಅಮ್ಮನನ್ನು ನಗಿಸಿ ಪಾರಾಗುತ್ತೇನೆ. ಅವತ್ತು ನನ್ನ ಸ್ವಂತ ದನಿ ಬಂತು. ಅದು ಅಷ್ಟು ಕೀರಲು ಎಂದು ನನಗೇ ತಿಳಿದಿರಲಿಲ್ಲ. ಮೂರು ವಾರದ ಕೆಲಸ, ಊರಿನ ಮೌಢ್ಯ, ಚಿಕ್ಕಂದಿನಲ್ಲಿ ನನ್ನ ರೇಡಿಯೋಗೆ ಇವರು ಮಾಡಿದ ಗತಿ, ಎಲ್ಲವನ್ನೂ ಒಂದೇ ಉಸಿರಿಗೆ ಕೂಗಿದೆ. ಕೂಗುತ್ತಲೇ ಹೆಗಲ ಮೇಲಿದ್ದ ಟವೆಲ್ಲು ತೆಗೆದು ಗಾಜನ್ನು ಗಸಗಸ ಉಜ್ಜಿದೆ.

ಲೆನ್ಸಿನ ಮೇಲೆ ಏನೇ ಕೂತರೂ ಮೊದಲು ಊದಬೇಕು, ಆಮೇಲೆ ನೆನೆಸಬೇಕು, ಮುಟ್ಟುವುದು ಕೊಟ್ಟಕೊನೆಗೆ. ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೈಸ್ಕೂಲು ಮೇಷ್ಟರ ದನಿಯಲ್ಲಿ ಬೋಧಿಸಿದ್ದೇನೆ. ವಿಭೂತಿ ಎಂದರೆ ಬೂದಿ. ಒಣಗಿದ ಬೂದಿಯಲ್ಲಿ ನಮ್ಮಜ್ಜಿ ಹಿತ್ತಾಳೆ ಚೊಂಬು ಬೆಳಗುತ್ತಿದ್ದಳು. ನಾನು ಅದೇ ಬೂದಿಯಲ್ಲಿ, ಮುಟ್ಟಿದರೆ ಮುನಿಯುವಂಥ ಹಳೆಯ ಲೆನ್ಸನ್ನು ಬೆಳಗಿದೆ. ಟವೆಲ್ಲು ತೆಗೆದು ಬೆಳಕಿಗೆ ಹಿಡಿದಾಗ ಗಾಜಿನ ನೇರಳೆ ಹೊಳಪು ಹೋಗಿ, ಕೂದಲೆಳೆಯಂಥ ಗೀರುಗಳು ತುಂಬಿದ್ದವು.

ಒಂದು ವಾರ ಅಪ್ಪನೊಂದಿಗೆ ಮಾತು ಬಿಟ್ಟೆ. ತಪ್ಪು ಅವರದೇ ಎಂದು ದಿನಕ್ಕೆರಡು ಸಲ ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದುದು, ಬೇಕೆಂದೇ ನನಗೆ ಕೇಳುವಷ್ಟು ಜೋರಾಗಿತ್ತು: "ನಾ ಎಳ್ದಿದ್ದು ಮೂರು ಪಟ್ಟೆ ಕಣೆ. ಮಿಕ್ಕ ನೂರು ಗೀರು ಯಾರ್ ಎಳ್ದೋರಂತೆ ಕೇಳು."

ಹೊಳೆನರಸೀಪುರದ ಬಸ್ಸಿನಲ್ಲಿ ತಪ್ಪೊಪ್ಪಿಗೆಯನ್ನು ಅಭ್ಯಾಸ ಮಾಡಿಕೊಂಡು ಹೋದೆ. ಒಪ್ಪುವುದಕ್ಕಿಂತ ಅಪ್ಪನಿಗೆ ಒಪ್ಪಿಸುವುದೇ ಹೆಚ್ಚಿತ್ತು.

"ನಮ್ಮಪ್ಪ ಪೂಜೆ ಮಾಡ್ಬುಟ್ರು ಸಾ."

ಹಿರಿಯರು ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಮುಚ್ಚಳ ಎಲ್ಲಿ?"

ಹೊಳೆಯುವ ಮುಚ್ಚಳವನ್ನು ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟೆ.

"ಇದ್ರ ಮೇಲಿದ್ದ ಕುಂಕುಮ?"

"ತುಕ್ಕು ಅನ್ಕಂಡೆ ಸಾ."

"ವರ್ಸ ವರ್ಸ ನಾನೂ ಪೂಜೆ ಮಾಡ್ತಿದ್ದೆ ಕಣ್ಲಾ. ಮುಚ್ಚಳ ಆಕಿ, ಮುಚ್ಚಳಕ್ಕೆ ಇಕ್ತಿದ್ದೆ. ಅದ್ನ ತೊಳ್ದೋರು ನಿಮ್ಮಪ್ಪನಾ?"

"ನಾನು ಸಾ."

"ಗಾಜು ಉಜ್ಜಿದೋರು?"

ಯಾರ ದನಿಯೂ ನೆರವಿಗೆ ಬರಲಿಲ್ಲ. "ನಾನೇ."

ಅವರು ನಾನು ತಂದಿದ್ದ ರೋಲನ್ನು ಕ್ಯಾಮೆರಾಗೆ ಹಾಕಿಕೊಂಡು ಬೀದಿಗಿಳಿದರು. ಹೂ ಮಾರುವಾಕೆ, ಆಟೋದವರು, ತಮ್ಮದೇ ಸ್ಟುಡಿಯೋದ ಮುಚ್ಚಿದ ಬಾಗಿಲು. ಪ್ರತಿ ಸಲವೂ ಸೂರ್ಯನನ್ನು ತಮ್ಮ ಬೆನ್ನಿಗೆ ಹಾಕಿಕೊಂಡು, ಕೊಡೆ ಹಿಡಿದು ಲೆನ್ಸಿಗೆ ನೆರಳು ಮಾಡುವ ಕೆಲಸ ನನಗೆ ಕೊಟ್ಟು, ಹನ್ನೊಂದು ಫೋಟೋ ತೆಗೆದರು. ಕೊನೆಯದಕ್ಕೆ ಕೊಡೆ ಮಡಿಸಲು ಹೇಳಿ, ನನ್ನನ್ನೇ ನಿಲ್ಲಿಸಿದರು.

"ಸಾ, ಸೂರ್ಯ ನನ್ ಬೆನ್ನಿಂದೆ ಅವ್ನೆ."

"ಗೊತ್ತು. ಮೂತಿ ಆಡಿಸ್ಬ್ಯಾಡ."

ವಯಸ್ಸಾಯಿತು, ಮರೆತರು ಎಂದುಕೊಂಡೆ. ಆ ಮಾತಿನ ಧಾಟಿಯನ್ನು ವಾಪಸು ಬರುವಾಗ ಬಸ್ಸಿನಲ್ಲಿ ಅನುಕರಿಸಿಯೂ ನೋಡಿದೆ, ನಾಚಿಕೆಯಿಲ್ಲದೆ.

ಬಚ್ಚಲುಮನೆಯಲ್ಲಿ ನಾನೇ ರೋಲು ತೊಳೆದೆ. ಹನ್ನೊಂದು ಫೋಟೋಗಳಲ್ಲಿ ಗೀರಿನ ಸುಳಿವೇ ಇಲ್ಲ. ಬುಟ್ಟಿಯ ಕನಕಾಂಬರವನ್ನು ಎಸಳೆಸಳಾಗಿ ಎಣಿಸಬಹುದಿತ್ತು. ಹನ್ನೆರಡನೆಯದರಲ್ಲಿ, ಗೀರುಗಳಿಗೆ ಬಿಸಿಲು ನೇರವಾಗಿ ಹೊಡೆದು, ಗಂಜಿ ಚೆಲ್ಲಿದಂಥ ಮಬ್ಬು. ಅಂಚಿನಲ್ಲಿ ಎರಡು ಕಿವಿ ಮಾತ್ರ ಇದ್ದವು.

ಪ್ರಿಂಟು ಹಿಡಿದು ಹೊಳೆನರಸೀಪುರಕ್ಕೆ ಓಡಿದೆ. "ಸಾ, ನನ್ ಮುಖ ಎಲ್ಲೋಯ್ತು?"

"ಉಜ್ಜಿದ್ಯಲ್ಲ, ಅದ್ರ ಜೊತೇಲೇ ಓಯ್ತು."

ಹನ್ನೊಂದನ್ನು ಅವರು ಇಟ್ಟುಕೊಂಡರು, ಕಿವಿಗಳದ್ದನ್ನು ನನಗೆ ಕೊಟ್ಟರು. ಕ್ಯಾಮೆರಾ ಕೇಳಲು ನನಗೆ ಬಾಯಿ ಬರಲಿಲ್ಲ. ಮುಚ್ಚಳವನ್ನು ಮಾತ್ರ ನನ್ನ ಕೈಗಿಟ್ಟು, "ಇದ್ರ ಮೇಲೆ ಮೊದ್ಲಿದ್ದಂಗೆ ಕುಂಕುಮ ಕಟ್ಟಿಸ್ಕೊಂಡು ಬಾ. ಆಮೇಲೆ ಕ್ಯಾಮೆರಾ ತಗಂಡೋಗು" ಎಂದರು.

ಈಗ ಆ ಮುಚ್ಚಳ ನಮ್ಮ ದೇವರ ಗೂಡಿನಲ್ಲಿದೆ. ದಿನಾ ಬೆಳಿಗ್ಗೆ ಅಪ್ಪ ಅದಕ್ಕೆ ಮೂರು ಪಟ್ಟೆ ಎಳೆದು ಕುಂಕುಮ ಇಡುತ್ತಾರೆ. ಬೆಂಕಿಕಡ್ಡಿ ನಾನೇ ತಂದುಕೊಡಬೇಕು. ಇಟ್ಟಾದ ಮೇಲೆ ಒಂದು ಸಲ ನನ್ನತ್ತ ನೋಡುತ್ತಾರೆ, ಏನೂ ಹೇಳುವುದಿಲ್ಲ. ಆ ಹೇಳದೆ ಇರುವುದಕ್ಕೇ ನನಗೆ ಮೈಯೆಲ್ಲ ಉರಿಯುತ್ತದೆ.