ಅಲೆ ಏಳದ ನೀರು

ನಮ್ಮ ಮನೆಯಲ್ಲಿ ಯಾರಾದರೂ ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು ಎಂದೆಲ್ಲ ಮಾತು ತೆಗೆದರೆ ಮೊದಲು ಅಡ್ಡಪ್ರಶ್ನೆ ಹಾಕುತ್ತಿದ್ದವಳು ನಾನೇ. ಜ್ವರ ಇತ್ತೇ, ಬೆಳಕು ಎಷ್ಟಿತ್ತು, ಆ ಹೊತ್ತಿಗೆ ಊಟ ಆಗಿತ್ತೇ ಎಂದು ಕೇಳಿ ಕೇಳಿ ಹೇಳುವವರ ಹುರುಪನ್ನೇ ಇಳಿಸಿಬಿಡುತ್ತಿದ್ದೆ. ಈಗ ನಾನು ಬರೆಯುವುದನ್ನು ಓದಿ ನೀವೂ ಅಂಥವೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ. ಅವನ್ನೆಲ್ಲ ನನಗೆ ನಾನೇ ಕೇಳಿಕೊಂಡಾಗಿದೆ.

ನಾನು ಹುಟ್ಟಿ ಬೆಳೆದದ್ದು ಊಟಿಯಲ್ಲೇ. ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ತರಕಾರಿ ವ್ಯಾಪಾರಕ್ಕೆ ನಿಂತವರು. ಕೆಲವು ವರ್ಷಗಳ ಹಿಂದೆ ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಡಿಜಿಟಲ್ ಕಲೆ ಕಲಿಸುತ್ತಿದ್ದೆ. ಕಂಪ್ಯೂಟರ್, ಕ್ಯಾಮೆರಾ, ಪ್ರೊಜೆಕ್ಟರುಗಳನ್ನು ಬಣ್ಣ, ಕುಂಚದ ಹಾಗೆ ಬಳಸಿ ಮಾಡುವ ಕಲೆ ಅದು. ವರ್ಷದ ಕೊನೆಗೆ ವಿದ್ಯಾರ್ಥಿಗಳು ಮಾಡಿದ್ದನ್ನೆಲ್ಲ ಸಭಾಂಗಣದಲ್ಲಿ ಇಟ್ಟು ಊರಿನವರಿಗೆ ತೋರಿಸುತ್ತಿದ್ದೆವು.

ಆ ವರ್ಷದ ವಿದ್ಯಾರ್ಥಿಗಳಲ್ಲಿ ಸುಗನ್ಯಾ ಎಂಬ ಹುಡುಗಿಯಿದ್ದಳು. ಊಟಿಗೆ ಹತ್ತಿರದ ಎಮರಾಲ್ಡ್ ಊರಿನ ಕಡೆಯವಳು, ನೀಲಗಿರಿಯ ಬಡಗ ಸಮುದಾಯದವಳು. ಅವಳ ಅಜ್ಜಿ ಹುಟ್ಟಿದ ಹಟ್ಟಿ, ಅಂದರೆ ಬಡಗರ ಸಣ್ಣ ಊರು, ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ಸುಗನ್ಯಾ ಅದರ ಮೇಲೆಯೇ ಕೆಲಸ ಮಾಡಿದ್ದಳು. ಸಭಾಂಗಣದ ಒಂದು ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿ, ಮೇಲಿನಿಂದ ಪ್ರೊಜೆಕ್ಟರಿನಲ್ಲಿ ನೆಲದ ತುಂಬ ನೀರು ಬೀಳಿಸಿದ್ದಳು. ನಿಜವಾದ ನೀರಲ್ಲ, ನೀರಿನ ಚಿತ್ರ. ಪ್ರೊಜೆಕ್ಟರಿನ ಪಕ್ಕದಲ್ಲೇ ಇದ್ದ ಕ್ಯಾಮೆರಾ ನಡೆಯುವವರ ಕಾಲನ್ನು ಗುರುತಿಸುತ್ತಿತ್ತು. ಕಾಲಿಟ್ಟಲ್ಲೆಲ್ಲ ಅಲೆಯೆದ್ದು ಉಂಗುರ ಉಂಗುರವಾಗಿ ಹರಡುತ್ತಿತ್ತು. ನೀರಿನ ಕೆಳಗೆ ಏನನ್ನೂ ಬಿಡಿಸಿರಲಿಲ್ಲ.

"ಒಂದೆರಡು ಮನೆ ಮಂಕಾಗಿ ಕಾಣೋ ಹಾಗೆ ಮಾಡಬಹುದಿತ್ತಲ್ಲ?" ಎಂದು ನಾನೇ ಕೇಳಿದ್ದೆ.

"ಹೇಗಿತ್ತು ಅಂತ ಗೊತ್ತಿಲ್ಲ ಮಿಸ್. ಗೊತ್ತಿಲ್ಲದ್ದನ್ನ ಹೇಗೆ ಹಾಕಲಿ?" ಎಂದಿದ್ದಳು.

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಅವಳ ಮುಖ ಸಪ್ಪೆಯಾಗಿತ್ತು. ವಿಷಯ ತಿಳಿದು ಅವಳ ತಂದೆ ಸಿಟ್ಟಾಗಿದ್ದರಂತೆ. ನಮ್ಮ ಹಿರಿಯರ ಮನೆಗಳ ಮೇಲೆ ಕಂಡವರು ಚಪ್ಪಲಿ ಮೆಟ್ಟಿ ಓಡಾಡಬೇಕೇ ಎಂದು ಕೇಳಿದ್ದರಂತೆ. "ಹೆತ್ತೆಯನ್ನ ಕರೆದುಕೊಂಡು ಬರ್ತೀನಿ ಮಿಸ್. ಅವರು ಬೇಡ ಅಂದ್ರೆ ಬಿಚ್ಚಿಬಿಡ್ತೀನಿ" ಎಂದಳು. ಬಡಗರಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ್ದನ್ನು ಅವಳು ಒಂದು ಮಾತಿಗೆ ಬಿಚ್ಚಲು ಸಿದ್ಧಳಾಗಿದ್ದು ಕಂಡು ನನಗೇ ಸಂಕಟವಾಯಿತು.

ಮಧ್ಯಾಹ್ನ ಅಜ್ಜಿ ಬಂದರು. ಮಾದಿ ಎಂದು ಹೆಸರು. ಬಿಳಿ ಸೀರೆಯುಟ್ಟು ಬಿಳಿ ಶಾಲು ಹೊದ್ದ ಎತ್ತರದ ಹೆಂಗಸು. ವಯಸ್ಸಾಗಿದ್ದರೂ ಬೆನ್ನು ಬಾಗಿರಲಿಲ್ಲ. ಕಣ್ಣು ಮಾತ್ರ ಹೆಚ್ಚುಕಡಿಮೆ ಹೋಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತಂತೆ. ಮೊಮ್ಮಗಳು ಕೈಹಿಡಿದು ಕೋಣೆಯೊಳಗೆ ತಂದು, ಚಪ್ಪಲಿ ಬಿಡಿಸಿ, ತಾನು ಮಾಡಿದ್ದೇನೆಂದು ಬಡಗರ ಮಾತಿನಲ್ಲಿ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈ ಬಿಡಿಸಿಕೊಂಡು ಒಬ್ಬರೇ ಮುಂದೆ ಹೆಜ್ಜೆಯಿಟ್ಟರು.

ಅಲೆ ಏಳಲಿಲ್ಲ.

ಸುಗನ್ಯಾ ನನ್ನ ಮುಖ ನೋಡಿದಳು. ಪ್ರೋಗ್ರಾಂ ನಿಂತಿರಬೇಕೆಂದು ನಾನು ಅಂಚಿನಲ್ಲಿ ಕಾಲಾಡಿಸಿದೆ. ನನ್ನ ಕಾಲಿಗೆ ಉಂಗುರಗಳು ಎದ್ದವು. ಅಜ್ಜಿಯ ಕಾಲಡಿಯಲ್ಲಿ ಮಾತ್ರ ನೀರು ಕನ್ನಡಿಯ ಹಾಗೆ ಮಲಗಿತ್ತು. ಅವರು ತಡವರಿಸದೆ ನೆಟ್ಟಗೆ ನಡೆದರು. ಒಂದು ಕಡೆ ನಿಂತು ಎಡಕ್ಕೆ ತಿರುಗಿದರು. ಸಂದಿಯೊಂದರಲ್ಲಿ ಹಾಯುವವರಂತೆ ಶಾಲನ್ನು ಮೈಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ಹೋದರು. ಮತ್ತೆ ನಿಂತು, ಬಲಗೈ ಚಾಚಿ ಗಾಳಿಯಲ್ಲಿ ಏನನ್ನೋ ಹಿಡಿದು, ತಲೆ ತಗ್ಗಿಸಿ, ಕಾಲೆತ್ತಿ ದಾಟಿದರು. ದಾಟಿದ ಮೇಲೆ ನೆಟ್ಟಗಾದರು.

ಇನ್ನು ಮುಂದೆ ಹೋದರೆ ಎದುರಿನ ಗೋಡೆಗೆ ತಾಗುತ್ತಾರೆಂದು ನನಗೆ ಭಯವಾಯಿತು. ಅವರ ಹಿಂದೆಯೇ ಹೋದೆ. ಮೊದಲ ಹೆಜ್ಜೆಗಳಿಗೆ ಅಲೆ ಎದ್ದದ್ದು ನೆನಪಿದೆ. ಅವರು ನಡೆದ ಜಾಡಿಗೆ ಬಂದ ಮೇಲೆ ನನ್ನ ಕಾಲಿಗೂ ಅಲೆ ಏಳಲಿಲ್ಲ. ಅಜ್ಜಿ ತಿರುಗದೆಯೇ, "ಬಗ್ಗಿ ಬಾ" ಎಂದರು. ಮೊಮ್ಮಗಳಿಗೆ ಹೇಳಿದರೆಂದುಕೊಂಡು ನಾನು ಹಾಗೆಯೇ ಮುಂದೆ ಹೋದೆ.

ಹಣೆಗೆ ಏನೋ ಬಲವಾಗಿ ಬಡಿಯಿತು. ಕಣ್ಣು ಕತ್ತಲಿಟ್ಟು ಹಿಂದಕ್ಕೆ ಎರಡು ಹೆಜ್ಜೆ ಬಂದೆ. ಹಳೆಯ ಮನೆಗಳಲ್ಲಿ ಬಾಗಿಲ ಮೇಲಿನ ಮರಕ್ಕೆ ತಲೆ ಹೊಡೆಸಿಕೊಂಡವರಿಗೆ ಆ ಪೆಟ್ಟು ಗೊತ್ತಿರುತ್ತದೆ. ಸುಗನ್ಯಾ "ಅಯ್ಯೋ ಮಿಸ್!" ಎಂದು ಕೂಗಿದಳು. ಬಡಿದ ಸದ್ದು ಅವಳಿಗೂ ಕೇಳಿಸಿತ್ತು. ನಾನು ತಲೆಯೆತ್ತಿ ನೋಡಿದೆ. ಕೈಗೆಟುಕುವ ಎತ್ತರದಲ್ಲಿ ಅಲ್ಲಿ ಏನೂ ಇರಲಿಲ್ಲ. ಪ್ರೊಜೆಕ್ಟರ್ ಎಷ್ಟೋ ಮೇಲೆ ಚಾವಣಿಯಲ್ಲಿತ್ತು.

ಅಜ್ಜಿಗೆ ನಗು ಬಂದಿತ್ತು. "ಹೇಳಿದೆನಲ್ಲಾ ಅಮ್ಮಾ" ಎಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಅಂಗೈಯಿಂದ ನೆಲವನ್ನು ಸವರುತ್ತಾ ಸುಮಾರು ಹೊತ್ತು ಇದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಯಾರ ಜೊತೆಗೋ ಮಾತಾಡುತ್ತಿದ್ದರೋ, ಪ್ರಾರ್ಥನೆಯೋ ನನಗೆ ಗೊತ್ತಾಗಲಿಲ್ಲ. ನಾನು ಹಿಂದೆ ಸರಿದು ಸುಗನ್ಯಾಳ ಪಕ್ಕ ಅಂಚಿನಲ್ಲಿ ನಿಂತೆ. ಫೋನ್ ತೆಗೆದು ಒಂದು ಫೋಟೊ ಹಿಡಿಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ದಿನವಿಡೀ ಕ್ಯಾಮೆರಾ ಹಿಡಿದು ಬದುಕುವವರು ನಾವು!

ಕೊನೆಗೆ ಅವರು ಎದ್ದು, ಬಂದ ಹಾದಿಯಲ್ಲೇ, ಅದೇ ಜಾಗದಲ್ಲಿ ಮತ್ತೆ ತಲೆ ತಗ್ಗಿಸಿ ಈಚೆ ಬಂದರು. ಇದನ್ನು ಇಡಲೋ ಬಿಚ್ಚಲೋ ಎಂದು ಸುಗನ್ಯಾ ಹೆದರಿಕೊಂಡೇ ಕೇಳಿದಳು. ಅಜ್ಜಿ ಅವಳ ಕೆನ್ನೆ ಹುಡುಕಿ ಸವರಿ, "ಇರಲಿ ಕೂಸೇ, ಎಲ್ಲಾ ಬರಲಿ. ಚಪ್ಪಲಿ ಮಾತ್ರ ಬೇಡ" ಎಂದರು. ಹುಡುಗಿ ಅಲ್ಲೇ ಅತ್ತುಬಿಟ್ಟಳು.

ಅವರು ಹೊರಟ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬಿಳಿ ಬಟ್ಟೆಯಿಂದ ಕ್ಯಾಮೆರಾ ಮೋಸಹೋಗಿರಬಹುದೆಂದು ಬಿಳಿ ದುಪಟ್ಟಾ ಹೊದ್ದು ನಡೆದೆ. ಅಲೆ ಎದ್ದಿತು. ಬರಿಗಾಲಲ್ಲಿ ನಡೆದೆ, ಅಜ್ಜಿಯಷ್ಟೇ ನಿಧಾನವಾಗಿ ನಡೆದೆ, ಅವರು ತಿರುಗಿದಲ್ಲೇ ತಿರುಗಿದೆ. ಪ್ರತಿಯೊಂದು ಸಲವೂ ಅಲೆ ಎದ್ದಿತು. ಪೆಟ್ಟು ತಿಂದ ಜಾಗದಲ್ಲಿ ಕೈ ಮುಂದೆ ಚಾಚಿಕೊಂಡು ಹೋದೆ. ಬರೀ ಗಾಳಿ. ಮರುದಿನದಿಂದ ಜನ ಚಳಿಯಲ್ಲಿ ಚಪ್ಪಲಿ, ಬೂಟು ಬಿಟ್ಟು ಒಳಗೆ ಬಂದರು. ಮಕ್ಕಳು ಕುಣಿದಾಡಿದರು, ಕೋಣೆಯ ತುಂಬ ಅಲೆಯೋ ಅಲೆ. ಯಾರ ತಲೆಗೂ ಏನೂ ತಾಗಲಿಲ್ಲ. ಸುಗನ್ಯಾಳ ತಂದೆಯೂ ಬಂದು ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತು ನೋಡಿ ಹೋದರು. ಅಷ್ಟೂ ದಿನ ನಾನು ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಊತ ಹೊತ್ತುಕೊಂಡೇ, ಬಂದವರನ್ನು ಸ್ವಾಗತಿಸುತ್ತಿದ್ದೆ. ಕೇಳಿದವರಿಗೆಲ್ಲ ಬಾಗಿಲಿಗೆ ಬಡಿದುಕೊಂಡೆ ಎಂದೆ. ಅದು ಸುಳ್ಳೋ ನಿಜವೋ, ನೀವೇ ಹೇಳಿ.

ನಿಧಾನವಾಗಿ ಒಂದು ಸಮಾಧಾನ ಹುಡುಕಿಕೊಂಡೆ. ಅಲೆ ಏಳದ್ದು ಯಂತ್ರದ ಯಾವುದೋ ಎಡವಟ್ಟು. ಅಜ್ಜಿ ನಡೆದದ್ದು ಮೈಯ ನೆನಪು. ಹುಟ್ಟಿದ ಮನೆಯ ದಾರಿ ಕಣ್ಣಿಲ್ಲದಿದ್ದರೂ ಕಾಲಿಗೆ ತಿಳಿದಿರುತ್ತದೆ, ಎಲ್ಲಿ ಬಗ್ಗಬೇಕೆಂಬುದೂ ರೂಢಿಯಿಂದ ಬಂದಿರುತ್ತದೆ. ಅವರನ್ನು ನೋಡಿ ನೋಡಿ ನನ್ನ ಮನಸ್ಸೂ ಏನೋ ಆಟ ಆಡಿತು. ಊತಕ್ಕೆ ಮಾತ್ರ ಇದರಲ್ಲಿ ಜಾಗ ಸಿಗಲಿಲ್ಲ. ಆದರೂ ಹೇಗೋ ಒಪ್ಪಿಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ಸುಗನ್ಯಾಳ ಮನೆಗೆ ಹೋಗುವ ಸಂದರ್ಭ ಬಂತು. ಹಿತ್ತಿಲ ಬಿಸಿಲಿನಲ್ಲಿ ಅಜ್ಜಿಯ ಪಕ್ಕ ಕೂತು ಚಹಾ ಕುಡಿಯುತ್ತಾ, ಹಟ್ಟಿ ಬಿಟ್ಟಾಗ ನಿಮಗೆ ಎಷ್ಟು ವಯಸ್ಸು ಎಂದು ಕೇಳಿದೆ. ಅವರು ಕೈಯನ್ನು ನೆಲದಿಂದ ಸ್ವಲ್ಪ ಮೇಲೆ ಹಿಡಿದು ತೋರಿಸಿದರು. ಇಷ್ಟುದ್ದ ಇದ್ದೆ ಎಂದರು. ನನ್ನ ಸೊಂಟಕ್ಕೂ ಬಾರದಷ್ಟು ಎತ್ತರ.

ಅಷ್ಟು ಸಣ್ಣ ಮಗು ಎಂಥ ಗಿಡ್ಡ ಬಾಗಿಲಲ್ಲೂ ಬಗ್ಗಬೇಕಾಗಿರಲಿಲ್ಲ. ಇಲ್ಲದ ರೂಢಿ ಎಲ್ಲಿಂದ ಬಂತು? ನಾನು ಬಿಡದೆ ಕೇಳಿದೆ. "ಹಾಗಾದರೆ ಆ ಮನೆಯಲ್ಲಿ ನೀವು ಒಂದು ದಿನವೂ ತಲೆ ಬಗ್ಗಿಸಿದವರಲ್ಲ. ಅವತ್ತು ಯಾಕೆ ಬಗ್ಗಿದಿರಿ?"

ಏನು ದಡ್ಡ ಪ್ರಶ್ನೆ ಎನ್ನುವ ಹಾಗೆ ಅಜ್ಜಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು.

"ಆಗ ನಾ ಕೂಸು, ಬಗ್ಗ ಬೇಕಿಲ್ಲೆ" ಎಂದರು. "ಈಗ ಬೆಳೆದೆನಲ್ಲಾ ಅಮ್ಮಾ."