ಪಥ್ಯವಿಲ್ಲದ ಮದ್ದು

ಅರವತ್ತರ ದಶಕದ ಆರಂಭದಲ್ಲಿ ಹೊನ್ನಾವರದಲ್ಲಿ ದವಾಖಾನೆ ತೆರೆದಾಗ, ಮದ್ದು ಕೊಡುವುದಕ್ಕಿಂತ ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವ ಚಟವೇ ನನಗೆ ಹೆಚ್ಚಿತ್ತು. ಗಂಟಲು ನೋವೆಂದು ಬಂದವರು ಕೂಡ ರೋಗಾಣುಗಳ ಬಗ್ಗೆ ನನ್ನ ಉಪನ್ಯಾಸ ಕೇಳಿಯೇ ಹೊರಗೆ ಹೋಗಬೇಕಿತ್ತು.

ಒಮ್ಮೆ ಕಾಸರಕೋಡದಿಂದ ಒಣಮೀನು ಮಾರುವ ಹೆಂಗಸೊಬ್ಬಳು ಚಳಿಜ್ವರವೆಂದು ಬಂದಳು. ಗುಳಿಗೆ ಕೊಟ್ಟೆ.

"ಪಥ್ಯ ಎಂತ, ಡಾಕ್ಟ್ರೇ?" ಎಂದಳು.

ನಾನು ಕಾಯುತ್ತಿದ್ದುದೇ ಅದಕ್ಕೆ. ಗುಳಿಗೆ ಹೊಟ್ಟೆಯಲ್ಲಿ ಕರಗಿ, ರಕ್ತಕ್ಕೆ ಸೇರಿ, ಸೊಳ್ಳೆ ಬಿಟ್ಟುಹೋದ ರೋಗಾಣುಗಳನ್ನು ಅಲ್ಲಿಯೇ ಕೊಲ್ಲುವುದನ್ನು ಯಕ್ಷಗಾನದ ಯುದ್ಧದಂತೆ ಬಣ್ಣಿಸಿದೆ. ಕೊನೆಗೆ, "ಪಥ್ಯವೇ ಇಲ್ಲ. ಬಂಗಡೆ ಸಾರನ್ನೂ ಉಣ್ಣಬಹುದು" ಎಂದೆ.

ಅವಳು ಗುಳಿಗೆಯನ್ನು ತಿರುಗಿಸಿ ನೋಡಿದಳು. "ಬಂಗಡೆ ತಿಂದ್ರೂ ನಡೀತದೆ ಅಂದ್ರೆ ಇದೆಂತ ಮದ್ದು?" ಎಂದವಳು ನೆಟ್ಟಗೆ ಪಕ್ಕದ ಬೀದಿಯ ಆಯುರ್ವೇದ ಪಂಡಿತರ ಬಳಿ ಹೋದಳು. ಅವರು ಮೀನು, ಮೊಸರು ಎಲ್ಲ ಬಿಡಿಸುತ್ತಿದ್ದರು. ಸುದ್ದಿ ಹಬ್ಬಿತು. ನನ್ನ ಬೆಂಚಿನ ಮೇಲೆ ನೊಣಗಳು ಕೂರತೊಡಗಿದವು.

ಮಳೆಗಾಲ ಬರುವ ಮೊದಲೇ ನಾನು ಶರಣಾದೆ. ಯಾವ ಗುಳಿಗೆ ಕೊಟ್ಟರೂ ಮುಖ ಬಿಗಿದುಕೊಂಡು, "ಬದನೆಕಾಯಿ ಮಾತ್ರ ಮುಟ್ಟಬೇಡಿ" ಎನ್ನತೊಡಗಿದೆ. ಬೆಂಚು ತುಂಬಿತು. ನನ್ನ ಉಪನ್ಯಾಸವನ್ನು ಯಾರೂ ಕೇಳಲಿಲ್ಲ.

ಆ ಆಷಾಢದಲ್ಲಿ ನನಗೇ ಚಳಿಜ್ವರ ಬಂತು. ಕುಮಟೆಯಲ್ಲಿ ಡಾಕ್ಟರಾಗಿದ್ದ ಗೆಳೆಯನೊಬ್ಬ ಬಂದು ಅದೇ ಗುಳಿಗೆ ಕೊಟ್ಟ. "ಎಲ್ಲ ತಿನ್ನು ಮಾರಾಯ, ಪಥ್ಯವೆಲ್ಲ ಎಂತದೂ ಇಲ್ಲ, ನಿನಗೇ ಗೊತ್ತುಂಟಲ್ಲ" ಎಂದು ಕೊಡೆ ಎತ್ತಿಕೊಂಡ.

ಅವನು ಬಾಗಿಲು ದಾಟುವಷ್ಟರಲ್ಲಿ ಕಂಬಳಿಯೊಳಗಿಂದ ನಡುಗುವ ದನಿಯೊಂದು ಕೇಳಿತು. ನನ್ನದೇ.

"ಬದನೆಕಾಯಿನೂ ತಿನ್ನಬಹುದಾ?"