ಹಿರಿಯೂರು ಲೈನಿನ ಕಾರಲ್ಲಿ ಮುಂದಿನ ಸೀಟು

ಚಿತ್ರದುರ್ಗದಿಂದ ನಮ್ಮ ಹೊಳಲ್ಕೆರೆಗೆ ನೆಟ್ಟಗೆ ಬಂದರೆ ಮೂವತ್ತು ಚಿಲ್ಲರೆ ಕಿಲೋಮೀಟರು. ನಾನು ಹಿರಿಯೂರು, ಹೊಸದುರ್ಗ ಸುತ್ತಿಕೊಂಡು ಬಂದೆ. "ಅಕ್ಕ, ನಿನಗೇನು ತಲೆ ಕೆಟ್ಟೈತಾ? ಡೀಸೆಲ್ ರೇಟು ಗೊತ್ತೈತಾ?" ಅಂದ ತಮ್ಮ ರುದ್ರೇಶ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅವತ್ತು ಸ್ಟೇರಿಂಗ್ ಅವನ ಕೈಲಿತ್ತು. "ಕೆಟ್ಟೈತೆ ಕಣಪ್ಪ, ನಡಿ" ಅಂದೆ.

ಗಾಡಿ ನಮ್ಮನೆಯವರ ಅಂಬಾಸಡರ್. ಹಿರಿಯೂರು–ಹೊಸದುರ್ಗ ಲೈನಿನಲ್ಲಿ ವರ್ಷಗಟ್ಟಲೆ ಸರ್ವಿಸ್ ಹೊಡೆದಿದ್ದರು. ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಗಿರಾಕಿಗಳನ್ನು ಕೂರಿಸಿ, ತಾವು ಬಾಗಿಲಿಗೆ ಅಂಟಿಕೊಂಡು ಅರ್ಧ ಮೈ ಹೊರಗೆ ಹಾಕಿ ಓಡಿಸುತ್ತಿದ್ದರು. ಹೆಂಡತಿ ಹತ್ತಿದರೆ ಹಿಂದಿನ ಮೂಲೆ, ತೊಡೆ ಮೇಲೆ ಯಾರದೋ ಬುಟ್ಟಿ. "ಮುಂದೆ ಗಿರಾಕಿ ಕಣೇ. ಒಂದಿನ ಖಾಲಿ ಗಾಡೀಲಿ ನಿನ್ನ ಮುಂದೆ ಕುಂಡ್ರಿಸ್ಕಂಡು ಇದೇ ದಾರೀಲಿ ಹೋಗಾಣ" ಅನ್ನುತ್ತಿದ್ದರು. ಆ ಒಂದಿನ ಬರಲೇ ಇಲ್ಲ. ಅವರು ಹೋದ ಮೇಲೆ ಗಾಡಿ ಹಿತ್ತಲಲ್ಲಿ ಟಾರ್ಪಾಲಿನಡಿ ನಿಂತಿತು, ಕೋಳಿಗಳು ಒಳಗೆ ಮೊಟ್ಟೆ ಇಟ್ಟವು. ಗುಜರಿಗೆ ಹಾಕು ಅಂದವರಿಗೆಲ್ಲ ಮುಖ ಸಿಂಡರಿಸಿದೆ. ಆ ಸೀಟಲ್ಲಿ ಒಂದು ಸಲ ಕೂತು ಆ ದಾರಿಯಲ್ಲಿ ಹೋಗಬೇಕಿತ್ತು ನನಗೆ, ಅಷ್ಟೇ.

ಗಾಡಿ ರಿಪೇರಿಗೆ ಚಿತ್ರದುರ್ಗದ ಬಾಷಾ ಮೇಸ್ತ್ರಿ ಇಡೀ ಮಳೆಗಾಲ ತಗೊಂಡರು. ಎಂಜಿನ್ ಬಿಚ್ಚಿ ಕಟ್ಟಿ, ತುಕ್ಕು ತಿಂದ ತಳಕ್ಕೆ ತಗಡು ಬೆಸೆದು, ಮೊದಲಿನ ಬಿಳಿ ಬಣ್ಣವನ್ನೇ ಹೊಡೆದರು. ಚಕ್ರದಡಿ ನಿಂಬೆಹಣ್ಣು ಇಟ್ಟವರೂ ಅವರೇ. "ನಲವತ್ತು ದಾಟಿಸಬ್ಯಾಡ್ರಿ, ಈಗ ಬಾಣಂತಿ ಇದ್ದಂಗೆ ಐತೆ" ಅಂದರು.

ಹೆದ್ದಾರಿಯಲ್ಲಿ ತೆಂಗಿನಕಾಯಿ ಲಾರಿಗಳೂ ನಮ್ಮನ್ನು ಹಿಂದೆ ಹಾಕಿದವು. ಹಿರಿಯೂರಲ್ಲಿ ಬಾನೆಟ್ ಎತ್ತಿ ಗಾಡಿ ತಣ್ಣಗಾಗಲು ಬಿಟ್ಟು, ಮಂಡಕ್ಕಿ ಮೆಣಸಿನಕಾಯಿ ತಿಂದು ಟೀ ಕುಡಿದೆವು. ಬಿಸಿಲು ಚುರುಕಾಗಿತ್ತು. ಅಲ್ಲಿಂದ ಹೊಸದುರ್ಗದ ದಾರಿಗೆ ತಿರುಗಿದೆವು. ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅವರ ಕಾಲಕ್ಕೆ ಅವಿರಲಿಲ್ಲ.

ಅಷ್ಟು ಅಗಲದ ಸೀಟಿನಲ್ಲಿ ಒಬ್ಬಳೇ ಕೂತೆ. ಪಕ್ಕಕ್ಕೆ ಬ್ಯಾಗು, ನೀರಿನ ಬಾಟಲಿ ಇಟ್ಟರೂ ಜಾಗ ತುಂಬಲಿಲ್ಲ. ರುದ್ರೇಶ ಪರೀಕ್ಷೆಗೆ ಕೂತವನ ಹಾಗೆ ನೆಟ್ಟಗೆ ಕೂತಿದ್ದ. "ಒಂಚೂರು ಬಾಗಿಲ ಕಡೆ ಜರುಗಿ ಓಡಿಸೋ" ಅಂದೆ.

"ಯಾಕೆ, ಬಿದ್ದು ಸಾಯಾಕಾ?"

ನಗು ಬಂತು, ಹಿಂದೆಯೇ ಅಳುವೂ ಬಂತು. ಇಷ್ಟು ವರ್ಷ ಆಸೆಪಟ್ಟ ಜಾಗದಲ್ಲಿ ಕೂತಿದ್ದೆ, ಅವರೊಬ್ಬರು ಇರಲಿಲ್ಲ. ಎಷ್ಟು ಬೇಕೆನಿಸಿತು ಅವರು!

ಮಾಡದಕೆರೆ ದಾಟಿದ ಮೇಲೆ ಅಜ್ಜಿಯೊಬ್ಬಳು ಬದನೆಕಾಯಿ ಚೀಲ ಇಟ್ಟುಕೊಂಡು ಕೈ ಅಡ್ಡ ಹಾಕಿದಳು. ಈ ಕಡೆಯ ಹಳಬರಿಗೆ ಬಿಳಿ ಅಂಬಾಸಡರ್ ಅಂದರೆ ಇವತ್ತಿಗೂ ಸರ್ವಿಸ್ ಕಾರೇ. "ಖಾಲಿ ಗಾಡೀಲೇ ಹೋಗಬೇಕು ಅಂತ ನೀನೇ ಅಂದಿದ್ದೆ. ನಿಲ್ಲಿಸಲೋ ಬ್ಯಾಡ್ವೋ?" ಅಂತ ತಮ್ಮ ಕೇಳಿದ. ನನ್ನ ಬಾಯಿಂದ 'ನಿಲ್ಲಿಸು' ಅನ್ನುವುದು ತಾನಾಗೇ ಬಂತು.

"ಹೊಸದುರ್ಗಕ್ಕೆ ಎಷ್ಟು ತಗಂತೀರಿ?" ಅಂದಳು ಅಜ್ಜಿ.

"ಏನೂ ಬ್ಯಾಡ, ಹತ್ತಜ್ಜಿ."

"ಮುಂದೆ ಬಿಡವ್ವ. ಮಂಡಿ ನೋವು, ಹಿಂದೆ ಕಾಲು ಮಡಚಾಕೆ ಆಗಲ್ಲ."

ಒಳ್ಳೆ ಫಜೀತಿ. ಎದ್ದು ಹಿಂದೆ ಹೋದೆ. ಅವಳ ಚೀಲವೂ ನನ್ನ ತೊಡೆ ಮೇಲೇ ಬಂತು.

ಆ ಮೂಲೆಯಲ್ಲಿ ಕೂತು ತಲೆ ಎತ್ತಿದರೆ ಎದುರಿಗೆ ಡ್ರೈವರ್ ಕನ್ನಡಿ. ಅವರು ಅದನ್ನು ಯಾವಾಗಲೂ ನನ್ನ ಮೂಲೆಗೇ ತಿರುಗಿಸಿರುತ್ತಿದ್ದರು. ಗಿರಾಕಿಗಳ ತಲೆಗಳ ನಡುವೆ ಅವರ ಕಣ್ಣು ನನ್ನನ್ನು ಹುಡುಕುತ್ತಿತ್ತು, ಸಿಕ್ಕಾಗ ಹುಬ್ಬು ಹಾರಿಸುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದೆ ಕೂತಿದ್ದರೆ ಅದೆಲ್ಲಿ ಸಿಗುತ್ತಿತ್ತು ನನಗೆ?

ಹೊಸದುರ್ಗ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಇಳಿದಳು. "ಮುಂದೆ ಬಾರಕ್ಕ" ಅಂದ ರುದ್ರೇಶ.

"ಬ್ಯಾಡ. ಆ ಕನ್ನಡಿ ಒಂಚೂರು ಈ ಕಡೆ ತಿರುಗಿಸು."

ತಿರುಗಿಸಿದ. ತಮ್ಮನ ಕಣ್ಣು ಕಂಡವು, ರಸ್ತೆ ನೋಡುತ್ತಿದ್ದವು. ಹೊಳಲ್ಕೆರೆ ಬರುವ ತನಕ ನಾನು ಕನ್ನಡಿ ಬಿಟ್ಟು ಬೇರೇನೂ ನೋಡಲಿಲ್ಲ.